ಅಂತರ್ಜಾಲದ ಗಣಿತಪಾಠಗಳೂ ಅಧಿಕಾರಿನಿರ್ಣಯವೂ

ಶಾಸ್ತ್ರಗ್ರಂಥವೊಂದನ್ನು ಪರೀಕ್ಷಿಸಹೊರಟವರು ಮೊದಲು ನಾಲ್ಕು ಸಂಗತಿಗಳನ್ನು ವಿಚಾರಿಸಬೇಕೆಂದು ಪ್ರಾಚೀನರು ಗೊತ್ತುಮಾಡಿದ್ದಾರೆ. ಗ್ರಂಥವು ಹೇಳುವುದೇನು, ಅದನ್ನು ಓದಿದುದರಿಂದ ಆಗುವ ಫಲವೇನು, ಆ ಫಲಕ್ಕೂ ಗ್ರಂಥಕ್ಕೂ ಇರುವ ನಂಟೇನು, ಅದನ್ನು ಓದತಕ್ಕವನು ಯಾರು ಎಂಬಿವು ಆ ಸಂಗತಿಗಳು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಈ ನಾಲ್ಕಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ವೇದಾಂತಪ್ರಕರಣಗಳ ಆರಂಭದಲ್ಲಿ ಇದರ ವಿಚಾರವು ವಿಸ್ತಾರವಾಗಿ ಬರುವುದಾದರೂ ಇದರ ಉಪಯೋಗವು ವೇದಾಂತಕ್ಕೆ ಮಾತ್ರ ಮೀಸಲಾದುದಲ್ಲ. ಕಲಿಸುವುದಕ್ಕೆಂದು ಹುಟ್ಟಿದ ಯಾವ ಕೃತಿಗಾದರೂ ಈ ಒರೆಗಲ್ಲು ಸಲ್ಲುತ್ತದೆ. ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಗಣಿತಜ್ಞಾನವನ್ನು ಬಲಪಡಿಸುವುದಕ್ಕಾಗಿ ನಾನಾ ದೇಶಗಳಲ್ಲಿ ರಚಿತವಾಗುತ್ತಿರುವ ಅಂತರ್ಜಾಲಪಾಠಕ್ರಮಗಳೂ ಒಂದು ಬಗೆಯ ಶಾಸ್ತ್ರಗ್ರಂಥಗಳೇ. ಅವುಗಳನ್ನು ಹೊಗಳುವವರು ಯಂತ್ರದ ಚಮತ್ಕಾರವನ್ನು ಹೇಳಿಯೂ ತೆಗಳುವವರು ಗುರುವಿನ ಅಭಾವವನ್ನು ಹೇಳಿಯೂ ಸುಮ್ಮನಾಗುವುದುಂಟು. ಕೃತಿಯನ್ನು ಕೃತಿಯೆಂದೇ ನೋಡಿ ಗುಣದೋಷಗಳನ್ನು ತೂಗುವ ಪ್ರಯತ್ನವು ಅಷ್ಟಾಗಿ ಕಾಣದು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ೨೦೧೩ರಲ್ಲಿ ನಡೆದ ಒಂದು ಪ್ರಯೋಗ, ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ೨೦೧೮ರಲ್ಲಿ ಮೊದಲಾದ ಇನ್ನೊಂದು ಪಾಠಕ್ರಮ—ಈ ಎರಡನ್ನೂ ಅನುಬಂಧಚತುಷ್ಟಯದ ಬೆಳಕಿನಲ್ಲಿ ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯವನ್ನು ಕುರಿತು ಹೆಚ್ಚಿನ ವಿವಾದವಿಲ್ಲ. ಭಿನ್ನರಾಶಿ, ಘಾತ, ಸಮೀಕರಣ, ತ್ರಿಕೋಣಮಿತಿ, ಕಲನಶಾಸ್ತ್ರದ ಮೊದಲ ಮೆಟ್ಟಿಲು—ಇವು ಪಾಠಶಾಲೆಯಲ್ಲಿ ಕಲಿತಿರಬೇಕಾದುವು; ವಿಶ್ವವಿದ್ಯಾನಿಲಯದ ಉಪಾಧ್ಯಾಯನು ಇವೆಲ್ಲ ತಿಳಿದಿವೆಯೆಂದು ಭಾವಿಸಿಯೇ ತನ್ನ ಪಾಠವನ್ನು ಆರಂಭಿಸುತ್ತಾನೆ. ಆದರೆ ಎರಡು ರಾಶಿಗಳ ಮೊತ್ತದ ವರ್ಗವು ಆ ರಾಶಿಗಳ ವರ್ಗಗಳ ಮೊತ್ತಕ್ಕೆ ಸಮವೆಂದು ಬರೆಯುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ೩ ಮತ್ತು ೪ರ ಮೊತ್ತದ ವರ್ಗ ೪೯. ಅವುಗಳ ವರ್ಗಗಳ ಮೊತ್ತ ೨೫. ಅಂಕೆಗಳಲ್ಲಿ ತೋರಿಸಿದರೆ ಒಡನೆಯೇ ಒಪ್ಪುವವನು ಅಕ್ಷರಗಳಲ್ಲಿ ಬರೆದಾಗ ಅದೇ ತಪ್ಪನ್ನು ಮತ್ತೆ ಮಾಡುತ್ತಾನೆ. ಇಂತಹ ಒಂದು ತಪ್ಪು ಬೇರೂರಿದ್ದರೆ ಮುಂದಿನ ಕಲನ, ಸಂಖ್ಯಾಶಾಸ್ತ್ರ, ಭೌತವಿಜ್ಞಾನ ಎಲ್ಲದರಲ್ಲಿಯೂ ಅದು ತಲೆಯೆತ್ತುತ್ತದೆ. ಆ ವಿದ್ಯಾರ್ಥಿಯು ದಡ್ಡನಲ್ಲ. ತಳಹದಿಯಲ್ಲಿ ಒಂದು ಕಲ್ಲು ಸಡಿಲವಾಗಿದೆ, ಅಷ್ಟೆ. ಆ ಕಲ್ಲನ್ನು ಹುಡುಕಿ ಭದ್ರಪಡಿಸುವುದು ಈ ಪಾಠಕ್ರಮಗಳ ವಿಷಯ.

ಪ್ರಯೋಜನದ ಮಾತು ಬಂದಾಗ ಅಭಿಪ್ರಾಯಗಳು ಕವಲೊಡೆಯುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸೆಬಾಸ್ಟಿಯನ್ ಥ್ರನ್ ಎಂಬ ವಿದ್ವಾಂಸನು ೨೦೧೧ರಲ್ಲಿ ಕೃತಕಬುದ್ಧಿಯನ್ನು ಕುರಿತ ಪಾಠವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಾಗ ಸುಮಾರು ೧,೬೦,೦೦೦ ಮಂದಿ ಹೆಸರು ನೋಂದಾಯಿಸಿದರು. ಆ ಉತ್ಸಾಹದಿಂದ ಹುಟ್ಟಿದ ಯುಡಾಸಿಟಿ ಎಂಬ ಸಂಸ್ಥೆಯು ೨೦೧೩ರ ಜನವರಿಯಲ್ಲಿ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾನಿಲಯದೊಡನೆ ಒಪ್ಪಂದಮಾಡಿಕೊಂಡು ಪ್ರವೇಶಮಟ್ಟದ ಗಣಿತ, ಕಾಲೇಜು ಬೀಜಗಣಿತ, ಪ್ರಾಥಮಿಕ ಸಂಖ್ಯಾಶಾಸ್ತ್ರ ಎಂಬ ಮೂರು ಪಾಠಗಳನ್ನು ಆರಂಭಿಸಿತು. ಪಾಠವೊಂದಕ್ಕೆ ಶುಲ್ಕ ೧೫೦ ಡಾಲರು. ಕ್ಯಾಲಿಫೋರ್ನಿಯದ ಅಂದಿನ ಗವರ್ನರ್ ಜೆರ್ರಿ ಬ್ರೌನ್ ಅವರು ಆ ಪ್ರಕಟಣೆಯ ವೇದಿಕೆಯಲ್ಲಿಯೇ ಇದ್ದರು. ವಿದ್ಯಾರ್ಥಿಯ ಗಣಿತವನ್ನು ಬಲಪಡಿಸುವುದು ಒಂದು ಪ್ರಯೋಜನ; ವಿಶ್ವವಿದ್ಯಾನಿಲಯದ ವೆಚ್ಚವನ್ನು ತಗ್ಗಿಸುವುದು ಇನ್ನೊಂದು; ಹೊಸ ವಿಧಾನದ ಶಕ್ತಿಯನ್ನು ಲೋಕಕ್ಕೆ ತೋರಿಸುವುದು ಮತ್ತೊಂದು. ಮೂರೂ ನ್ಯಾಯವಾದುವೇ ಆಗಿರಬಹುದು. ಆದರೆ ಒಂದೇ ಕೃತಿಗೆ ಮೂರು ಪ್ರಯೋಜನಗಳನ್ನು ಹೊರಿಸಿದಾಗ ಅವುಗಳಲ್ಲಿ ಪ್ರಧಾನವಾವುದು, ಅಂಗವಾವುದು ಎಂದು ಮೊದಲೇ ನಿಶ್ಚಯಿಸದಿದ್ದರೆ ಅಂಗವು ಪ್ರಧಾನವನ್ನು ನುಂಗುವುದು ಸಹಜ. ಸ್ಯಾನ್ ಹೋಸೆಯ ಪ್ರಯೋಗದಲ್ಲಿ ಈ ಸಾಂಕರ್ಯವು ಮೊದಲ ದಿನದಿಂದಲೇ ಇತ್ತು.

ಫಲವು ನಿರೀಕ್ಷೆಗೆ ಬಹಳ ದೂರವಾಯಿತು. ವಸಂತದ ಅವಧಿಯಲ್ಲಿ ತೇರ್ಗಡೆಯಾದವರು ಪ್ರವೇಶಮಟ್ಟದ ಗಣಿತದಲ್ಲಿ ಶೇಕಡ ೨೩.೮, ಕಾಲೇಜು ಬೀಜಗಣಿತದಲ್ಲಿ ೨೫.೪, ಸಂಖ್ಯಾಶಾಸ್ತ್ರದಲ್ಲಿ ೫೦.೫. ತರಗತಿಯಲ್ಲಿ ಕುಳಿತು ಓದಿದವರ ಫಲಿತಾಂಶ ಇದಕ್ಕಿಂತ ಮೇಲಾಗಿತ್ತು. ಜುಲೈ ತಿಂಗಳಿನಲ್ಲಿ ವಿಶ್ವವಿದ್ಯಾನಿಲಯವು ಪ್ರಯೋಗವನ್ನು ತಡೆಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಥ್ರನ್ ತಾನೇ ತನ್ನ ಸಂಸ್ಥೆಯು ಒದಗಿಸಿದ ಪದಾರ್ಥವು ಚೆನ್ನಾಗಿರಲಿಲ್ಲವೆಂದು ಪತ್ರಿಕೆಯೊಂದಕ್ಕೆ ಹೇಳಿದನು. ವಿರೋಧಿಗಳಿಗೆ ಇಷ್ಟು ಸಾಕಾಯಿತು. ಅಂತರ್ಜಾಲದಿಂದ ಗಣಿತವನ್ನು ಕಲಿಸುವುದು ಸಾಧ್ಯವೇ ಇಲ್ಲವೆಂದು ಅವರು ಸಿದ್ಧಾಂತಮಾಡಿಬಿಟ್ಟರು.

ಆದರೆ ಸಿದ್ಧಾಂತಕ್ಕೆ ಅಷ್ಟು ಅವಸರ ಸಲ್ಲದು. ಅದೇ ವರ್ಷದ ಬೇಸಗೆಯಲ್ಲಿ ಪಾಠಗಳು ಮತ್ತೊಮ್ಮೆ ನಡೆದಾಗ ಸಂಖ್ಯಾಶಾಸ್ತ್ರದಲ್ಲಿ ಶೇಕಡ ೮೩, ಬೀಜಗಣಿತದಲ್ಲಿ ೭೨.೬ ಮಂದಿ ತೇರ್ಗಡೆಯಾದರು. ಮೂರೇ ತಿಂಗಳಲ್ಲಿ ಅದೇ ಕೃತಿಯು ಹೀಗೆ ಫಲಿಸಿತೇಕೆ? ಪಾಠಗಳಲ್ಲಿ ಕೆಲವು ತಿದ್ದುಪಡಿಗಳಾಗಿದ್ದುದು ನಿಜ. ಆದರೆ ಹೆಚ್ಚಿನ ಕಾರಣವು ಓದುವವರಲ್ಲಿತ್ತು. ಬೇಸಗೆಯಲ್ಲಿ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಒಂದು ಪದವಿಯನ್ನು ಪಡೆದಿದ್ದವರು. ವಸಂತದಲ್ಲಿ ಓದಿದವರಾದರೋ, ಪ್ರವೇಶಮಟ್ಟದ ಗಣಿತವನ್ನು ಒಮ್ಮೆ ಓದಿ ಅನುತ್ತೀರ್ಣರಾಗಿದ್ದವರು ಮತ್ತು ಓಕ್ಲೆಂಡಿನ ಪ್ರೌಢಶಾಲೆಯ ಮಕ್ಕಳು. ಆ ಮಕ್ಕಳಲ್ಲಿ ಕೆಲವರಿಗೆ ಕಂಪ್ಯೂಟರಿನ ಸೌಕರ್ಯವೇ ಸರಿಯಾಗಿರಲಿಲ್ಲವೆಂಬುದು ಪಾಠಗಳು ಆರಂಭವಾಗಿ ವಾರಗಳು ಕಳೆದ ಮೇಲೆ ಗೊತ್ತಾಯಿತು. ಗಮನಿಸತಕ್ಕ ಸಂಗತಿಯೇನೆಂದರೆ, ಬೇಸಗೆಯಲ್ಲಿಯೂ ಪ್ರವೇಶಮಟ್ಟದ ಗಣಿತದಲ್ಲಿ ತೇರ್ಗಡೆಯಾದವರು ಶೇಕಡ ೨೯.೮ ಮಾತ್ರ. ಎಂದರೆ ಬಲವುಳ್ಳವನಿಗೆ ಈ ಪಾಠವು ಬಲಕೊಟ್ಟಿತು. ಯಾರ ಬಲಹೀನತೆಯನ್ನು ನೀಗುವುದಕ್ಕೆಂದು ಅದು ಹುಟ್ಟಿತೋ ಅವನನ್ನು ಮುಟ್ಟಲೇ ಇಲ್ಲ.

ಇದು ಅಧಿಕಾರಿನಿರ್ಣಯದ ದೋಷ. ಈ ಮಾತನ್ನು ಎಚ್ಚರಿಕೆಯಿಂದ ಅರ್ಥಮಾಡಿಕೊಳ್ಳಬೇಕು. ಅಧಿಕಾರಿಯೆಂಬ ಪದವನ್ನು ಮುಂದಿಟ್ಟುಕೊಂಡು ಎಷ್ಟೋ ಮಂದಿಯ ಮುಖಕ್ಕೆ ವಿದ್ಯೆಯ ಬಾಗಿಲನ್ನು ಮುಚ್ಚಿದ ಚರಿತ್ರೆ ಈ ದೇಶಕ್ಕೆ ಹೊಸದಲ್ಲ. ಇಲ್ಲಿ ಉದ್ದಿಷ್ಟವಾದ ಅರ್ಥ ಅದಲ್ಲ. ಓದುವವನು ಗ್ರಂಥಕ್ಕೆ ತಕ್ಕವನೇ ಎಂದು ಕೇಳುವುದಕ್ಕೆ ಮೊದಲು, ಗ್ರಂಥವು ಓದುವವನಿಗೆ ತಕ್ಕುದೇ ಎಂದು ಗ್ರಂಥಕರ್ತೃವು ತನ್ನನ್ನೇ ಕೇಳಿಕೊಳ್ಳಬೇಕು. ರಾಷ್ಟ್ರಕೂಟಚಕ್ರವರ್ತಿಯಾದ ಅಮೋಘವರ್ಷನೃಪತುಂಗನ ಕಾಲದಲ್ಲಿ, ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವನ್ನು ನೋಡಿದರೆ ಈ ವಿವೇಕವು ಸ್ಪಷ್ಟವಾಗುತ್ತದೆ. ಆ ಗ್ರಂಥದಲ್ಲಿ ಎಂಟು ಪರಿಕರ್ಮಗಳು ಗುಣಾಕಾರದಿಂದ ಆರಂಭವಾಗುತ್ತವೆ. ಸಾಮಾನ್ಯವಾದ ಕೂಡುವಿಕೆಗೂ ಕಳೆಯುವಿಕೆಗೂ ಅಲ್ಲಿ ಪ್ರತ್ಯೇಕಸ್ಥಾನವಿಲ್ಲ. ಅವೆರಡೂ ಬಲ್ಲವನೇ ತನ್ನ ಓದುಗನೆಂದು ಆಚಾರ್ಯನು ಗಣಿಸಿರಬೇಕು. ತನ್ನ ಓದುಗನು ಎಲ್ಲಿ ನಿಂತಿದ್ದಾನೆಂಬುದನ್ನು ಬಲ್ಲ ಗ್ರಂಥಕರ್ತೃವಿಗೆ ಮಾತ್ರ ಎಲ್ಲಿಂದ ಆರಂಭಿಸಬೇಕೆಂಬುದೂ ತಿಳಿಯುತ್ತದೆ. ಸ್ಯಾನ್ ಹೋಸೆಯ ಪಾಠಗಳಲ್ಲಿ ನಿಪುಣರಾದ ಬೋಧಕರಿದ್ದರು, ಚಿತ್ರಗಳಿದ್ದುವು, ಅಭ್ಯಾಸಗಳಿದ್ದುವು. ಓದುಗನು ನಿಂತಿರುವ ಎಡೆಯ ತಿಳಿವು ಮಾತ್ರ ಇರಲಿಲ್ಲ.

ಎಡಿನ್‌ಬರೋದ ಪಾಠಕ್ರಮವು ಈ ವಿಷಯದಲ್ಲಿ ಬೇರೆ ದಾರಿಯನ್ನು ಹಿಡಿಯಿತು. ಅದರ ಹೆಸರು ಬೀಜಗಣಿತ ಮತ್ತು ಕಲನದ ಮೂಲತತ್ತ್ವಗಳು ಎಂದು. ಅಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪ್ರವೇಶದ ಸಮಯದಲ್ಲಿಯೇ ಒಂದು ನಿದಾನಪರೀಕ್ಷೆಯುಂಟು. ವೈದ್ಯನು ಔಷಧಕ್ಕೆ ಮೊದಲು ರೋಗನಿದಾನವನ್ನು ನೋಡುವಂತೆ, ಯಾರಿಗೆ ಯಾವ ಅಂಶದಲ್ಲಿ ಕೊರತೆಯಿದೆಯೆಂಬುದು ಇದರಿಂದ ತಿಳಿಯುತ್ತದೆ. ಸ್ಕಾಟ್ಲೆಂಡಿನ ಶಾಲೆಗಳಲ್ಲಿ ಹೈಯರ್ ಪರೀಕ್ಷೆಯವರೆಗೆ ಮಾತ್ರ ಓದಿದವರೂ ಅಡ್ವಾನ್ಸ್ಡ್ ಹೈಯರ್‌ವರೆಗೆ ಓದಿದವರೂ ಒಂದೇ ತರಗತಿಯಲ್ಲಿ ಸೇರುವುದರಿಂದ ಸಿದ್ಧತೆಯ ತಾರತಮ್ಯವು ಅನಿವಾರ್ಯ. ಸಿದ್ಧತೆ ಕಡಿಮೆಯಿರುವವರು ಮೊದಲನೆಯ ಅವಧಿಯಲ್ಲಿ ರೈಖಿಕಬೀಜಗಣಿತದ ಸಾಮಾನ್ಯಪಾಠದ ಜೊತೆಯಲ್ಲಿಯೇ ಈ ಅಂತರ್ಜಾಲಪಾಠವನ್ನೂ ಓದುತ್ತಾರೆ. ಅದು ಪದವಿಯ ಲೆಕ್ಕಕ್ಕೆ ಸೇರುವ ಪೂರ್ಣಪಾಠ. ದಂಡರೂಪವಾದ ಹೆಚ್ಚುವರಿ ಹೊರೆಯಲ್ಲ. ಇಂದು ಅಂತರ್ಜಾಲದಲ್ಲಿ ಗಟ್ಟಿಮಾಡಿಕೊಂಡ ಬೀಜಗಣಿತವು ನಾಳೆ ತರಗತಿಯಲ್ಲಿ ಕೆಲಸಕ್ಕೆ ಬರುತ್ತದೆ. ಫಲವು ದೂರದಲ್ಲಿಲ್ಲ, ಕೈಗೆಟುಕುವಂತಿದೆ. ಅನುಬಂಧಗಳಲ್ಲಿ ಸಂಬಂಧವೆಂದು ಹೇಳಿದ್ದು ಇಲ್ಲಿ ಚೆನ್ನಾಗಿ ಸಿದ್ಧಿಸಿದೆ.

ಇನ್ನು ಕೃತಿಯ ಒಳರಚನೆ. ಎಡಿನ್‌ಬರೋದ ಪಾಠದಲ್ಲಿ ವಿವರಣೆಯೂ ಪ್ರಶ್ನೆಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಸ್ವಲ್ಪ ಓದಿದೊಡನೆಯೇ ಒಂದು ಪ್ರಶ್ನೆ. ಉತ್ತರಿಸಿದ ಮೇಲೆ ಮತ್ತೆ ಸ್ವಲ್ಪ ವಿವರಣೆ. ಘಟಕದ ಕೊನೆಗೆ ಪರೀಕ್ಷೆ. ಪ್ರಶ್ನೆಗಳನ್ನು ನಡೆಸುವುದು ಸ್ಟ್ಯಾಕ್ ಎಂಬ ವ್ಯವಸ್ಥೆ. ಕ್ರಿಸ್ ಸ್ಯಾಂಗ್ವಿನ್ ಎಂಬ ಗಣಿತಜ್ಞನು ೨೦೦೪ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇದರ ರಚನೆಯನ್ನು ಮೊದಲುಮಾಡಿದನು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಗುರುತುಹಾಕುವ ಸುಲಭಮಾರ್ಗ ಇದರದಲ್ಲ. ವಿದ್ಯಾರ್ಥಿಯು ತನ್ನ ಉತ್ತರವನ್ನು ಬೀಜಗಣಿತದ ಭಾಷೆಯಲ್ಲಿ ತಾನೇ ಬರೆಯಬೇಕು. ಮ್ಯಾಕ್ಸಿಮಾ ಎಂಬ ಗಣಕತಂತ್ರವು ಆ ಉತ್ತರಕ್ಕೆ ಬೇಕಾದ ಗುಣಗಳಿವೆಯೇ ಎಂದು ಪರೀಕ್ಷಿಸುತ್ತದೆ. ಸಮಾಕಲನದಲ್ಲಿ ಸ್ಥಿರಾಂಕವನ್ನು ಮರೆತವನಿಗೆ ಅದನ್ನು ಮರೆತಿರುವೆಯೆಂದೇ ತಿಳಿಸಬಲ್ಲುದು. ತಪ್ಪೆಂದು ಮಾತ್ರ ಹೇಳಿ ಬಿಟ್ಟುಬಿಡುವುದಿಲ್ಲ. ಪ್ರತಿಯೊಬ್ಬನಿಗೂ ಬೇರೆ ಬೇರೆ ಅಂಕೆಗಳನ್ನು ಕೊಡಬಲ್ಲುದಾದುದರಿಂದ ನಕಲುಮಾಡುವುದಕ್ಕೆ ಎಡೆ ಕಡಿಮೆ, ಮತ್ತೆ ಮತ್ತೆ ಅಭ್ಯಸಿಸುವುದಕ್ಕೆ ಎಡೆ ಹೆಚ್ಚು.

ಸಂಸ್ಕೃತದ ಗಣಿತಗ್ರಂಥಗಳನ್ನು ಬಲ್ಲವರಿಗೆ ಈ ರಚನೆಯು ಅಪರಿಚಿತವಾಗಿ ತೋರದು. ೧೧೫೦ರಲ್ಲಿ ರಚಿತವಾದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಮೊದಲು ಕರಣಸೂತ್ರ, ಅನಂತರ ಓದುಗನನ್ನು ಸಂಬೋಧಿಸಿ ಕೇಳುವ ಉದಾಹರಣ, ಆಮೇಲೆ ನ್ಯಾಸ, ಕೊನೆಗೆ ಫಲ—ಹೀಗೆ ಕ್ರಮವುಂಟು. ಈ ಕ್ರಮದಲ್ಲಿ ನ್ಯಾಸವೇ ಮರ್ಮಸ್ಥಾನ. ಪ್ರಶ್ನೆಯಲ್ಲಿ ಕೊಟ್ಟ ರಾಶಿಗಳನ್ನು ವಿದ್ಯಾರ್ಥಿಯು ತನ್ನ ಕೈಯಿಂದ ಹಲಗೆಯ ಮೇಲೆ ಇಡುವ ಕ್ಷಣ ಅದು. ಕೇಳುವವನು ಮಾಡುವವನಾಗುವುದು ಅಲ್ಲಿಯೇ. ವೀಡಿಯೋವನ್ನು ನೋಡುವುದರಲ್ಲಿ ನ್ಯಾಸವಿಲ್ಲ. ಬೋಧಕನ ಕೈ ಚಲಿಸುತ್ತದೆ, ನೋಡುವವನ ಕೈ ಸುಮ್ಮನಿರುತ್ತದೆ. ಎಲ್ಲವೂ ತಿಳಿಯಿತೆಂಬ ಭ್ರಾಂತಿ ಮಾತ್ರ ಬೆಳೆಯುತ್ತದೆ. ಸ್ಯಾನ್ ಹೋಸೆಯವರೇ ನಡೆಸಿದ ವಿಚಾರಣೆಯಲ್ಲಿಯೂ, ವಿದ್ಯಾರ್ಥಿಯ ವಯಸ್ಸು, ಹಿನ್ನೆಲೆ ಮೊದಲಾದ ಎಲ್ಲಕ್ಕಿಂತ ಅವನು ಎಷ್ಟು ಶ್ರಮಪಟ್ಟನೆಂಬುದೇ ಅವನ ಜಯಾಪಜಯಗಳನ್ನು ಹೆಚ್ಚಾಗಿ ಸೂಚಿಸಿತು. ಶ್ರಮವನ್ನು ಹುಟ್ಟಿಸುವಂತೆ ರಚಿತವಾದ ಪಾಠವೇ ಒಳ್ಳೆಯ ಪಾಠವೆಂಬುದಕ್ಕೆ ಇದು ಸಾಕಾದ ಪ್ರಮಾಣ.

ಎಡಿನ್‌ಬರೋದ ಕೃತಿಯು ನಿರ್ದೋಷವೆಂದು ಇದರಿಂದ ತಿಳಿಯಬಾರದು. ಯಂತ್ರವು ಫಲವನ್ನು ಪರೀಕ್ಷಿಸಬಲ್ಲುದೇ ಹೊರತು ಉಪಪತ್ತಿಯನ್ನು, ಎಂದರೆ ಫಲಕ್ಕೆ ಕಾರಣವಾದ ಯುಕ್ತಿಯನ್ನು, ಅಷ್ಟು ಸುಲಭವಾಗಿ ಪರೀಕ್ಷಿಸಲಾರದು. ಸರಿಯಾದ ಉತ್ತರವನ್ನು ತಪ್ಪುದಾರಿಯಿಂದ ತಲುಪಿದವನೂ ಸರಿದಾರಿಯಿಂದ ತಲುಪಿದವನೂ ಅದರ ಮುಂದೆ ಸಮಾನರು. ಲೀಲಾವತಿಯಲ್ಲಿಯೂ ಸೂತ್ರಗಳಿಗೆ ಉಪಪತ್ತಿಯು ಸಾಮಾನ್ಯವಾಗಿ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲವೆಂಬುದು ನಿಜ; ಆದರೆ ಆ ಗ್ರಂಥವು ಒಂಟಿಯಾಗಿ ಓದಿಸಿಕೊಳ್ಳಲೆಂದು ಹುಟ್ಟಿದುದಲ್ಲ. ಮೂಲವು ಕಂಠಸ್ಥವಾಗುವುದಕ್ಕೆ, ಉಪಪತ್ತಿಯು ಗುರುಮುಖದಿಂದ ಬರುವುದಕ್ಕೆ. ಗಣೇಶದೈವಜ್ಞನು ೧೫೪೫ರಲ್ಲಿ ಬರೆದ ಬುದ್ಧಿವಿಲಾಸಿನಿಯೆಂಬ ವ್ಯಾಖ್ಯಾನದಲ್ಲಿ ಆ ಉಪಪತ್ತಿಗಳು ಬರಹಕ್ಕೆ ಬಂದುವು. ಮೂಲವೂ ವ್ಯಾಖ್ಯಾನವೂ ಗುರುವೂ ಸೇರಿ ಒಂದು ವಿದ್ಯೆ. ಅಂತರ್ಜಾಲಪಾಠವು ಮೂಲದ ಸ್ಥಾನದಲ್ಲಿ ನಿಂತರೆ ತೊಂದರೆಯಿಲ್ಲ; ಮೂರರ ಸ್ಥಾನವನ್ನೂ ತಾನೇ ತುಂಬುವೆನೆಂದರೆ ಒಪ್ಪುವುದು ಕಷ್ಟ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಎಡಿನ್‌ಬರೋದ ವಿದ್ಯಾರ್ಥಿಗಳು ಕಟ್ಟುನಿಟ್ಟಾದ ಆಯ್ಕೆಯನ್ನು ದಾಟಿ ಬಂದವರು. ಸ್ಯಾನ್ ಹೋಸೆಯವರು ಹಾಗಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಒಂದನ್ನು ಗೆದ್ದುದೆಂದೂ ಇನ್ನೊಂದನ್ನು ಸೋತುದೆಂದೂ ಹೇಳುವುದು ನ್ಯಾಯವೇ? ಸಮಾಧಾನವೇನೆಂದರೆ, ಈ ಆಕ್ಷೇಪವು ಪ್ರಕೃತವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ. ಗುರುವಿನ ಸಹಾಯ ಅತ್ಯಲ್ಪವಾಗಿ ಸಾಕಾಗುವವನಿಗೆ ಅಂತರ್ಜಾಲಪಾಠವು ಒಗ್ಗುತ್ತದೆ. ಗುರುವಿನ ಸಹಾಯ ಅತ್ಯಧಿಕವಾಗಿ ಬೇಕಾದವನಿಗೆ ಅದೊಂದೇ ಒಗ್ಗುವುದಿಲ್ಲ. ಹೀಗಿದ್ದರೂ ಲೋಕದಲ್ಲಿ ನಡೆಯುತ್ತಿರುವುದು ವಿಪರ್ಯಾಸ. ಪ್ರತಿಭಾವಂತರಿಗೆ ಸಣ್ಣ ತರಗತಿಗಳೂ ಹೆಸರಾಂತ ಆಚಾರ್ಯರೂ ಒದಗುತ್ತಾರೆ. ಹಿಂದುಳಿದವರಿಗೆ ಅಗ್ಗವಾಗುತ್ತದೆಂಬ ಕಾರಣದಿಂದ ಯಂತ್ರವನ್ನು ಒದಗಿಸಲಾಗುತ್ತದೆ. ಸೋತಾಗ ಅಪವಾದವು ವಿದ್ಯಾರ್ಥಿಯ ಆಲಸ್ಯಕ್ಕೆ ಸಲ್ಲುತ್ತದೆ. ಕ್ಯಾಲಿಫೋರ್ನಿಯ ಸ್ಟೇಟ್ ವಿಶ್ವವಿದ್ಯಾನಿಲಯಮಂಡಲವು ೨೦೧೭ರಲ್ಲಿ ಹೊರಡಿಸಿದ ಆಜ್ಞೆಯೊಂದು ಇಲ್ಲಿ ಸ್ಮರಣೀಯ. ಪದವಿಯ ಲೆಕ್ಕಕ್ಕೆ ಸೇರದ ಪೂರಕಗಣಿತವನ್ನು ಅದು ನಿಲ್ಲಿಸಿ, ೨೦೧೮ರ ಶರತ್ಕಾಲದಿಂದ ಹೊಸ ವಿದ್ಯಾರ್ಥಿಗಳೆಲ್ಲರನ್ನೂ ಲೆಕ್ಕಕ್ಕೆ ಸೇರುವ ಪಾಠಗಳಿಗೇ ಸೇರಿಸಿ, ಬೇಕಾದವರಿಗೆ ಜೊತೆಯಲ್ಲಿಯೇ ಹೆಚ್ಚಿನ ನೆರವನ್ನು ಕೊಡುವಂತೆ ಮಾಡಿತು. ಪ್ರಧಾನಪಾಠದ ಜೊತೆಜೊತೆಯಲ್ಲಿ ನೆರವು ಎಂಬ ಈ ತತ್ತ್ವವು ಎಡಿನ್‌ಬರೋದ ತತ್ತ್ವಕ್ಕೆ ಹತ್ತಿರವಾದುದು.

ಶಿಷ್ಯನಿಗೆ ವಿದ್ಯೆಯು ನಾಲ್ಕು ಪಾಲಾಗಿ ಬರುತ್ತದೆಂದು ಹಿರಿಯರ ಒಂದು ಮಾತಿದೆ: ಕಾಲುಭಾಗ ಆಚಾರ್ಯನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದ ಕಾಲುಭಾಗ ಕಾಲಕ್ರಮದಿಂದ. ಈ ಲೆಕ್ಕದಿಂದ ನೋಡಿದರೆ ಅಂತರ್ಜಾಲಪಾಠದ ಬಲಾಬಲಗಳು ನಿಚ್ಚಳವಾಗುತ್ತವೆ. ಆಚಾರ್ಯನ ಪಾಲಿನಲ್ಲಿ ಪ್ರವಚನದ ಅಂಶವನ್ನು ಅದು ಚೆನ್ನಾಗಿಯೇ ಕೊಡುತ್ತದೆ. ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುತ್ತದೆ. ಬುದ್ಧಿಯ ಪಾಲನ್ನು ಒಳ್ಳೆಯ ಪ್ರಶ್ನೆಗಳಿಂದ ಚುರುಕುಗೊಳಿಸುತ್ತದೆ. ಸಹಪಾಠಿಗಳ ಪಾಲು ಅದರ ಕೈಮೀರಿದುದು. ಒಬ್ಬಂಟಿಯಾಗಿ ಕುಳಿತವನಿಗೆ ತನ್ನ ತಪ್ಪನ್ನೇ ಮಾಡಿದ ಇನ್ನೊಬ್ಬನು ಕಾಣುವುದಿಲ್ಲ, ಅಧೈರ್ಯವು ಹೆಚ್ಚುತ್ತದೆ. ಕಾಲದ ಪಾಲಾದರೋ ಪಾಠಕ್ರಮದ ಯೋಜನೆಯನ್ನು ಅವಲಂಬಿಸಿದೆ: ಕಲಿತುದನ್ನು ಕೆಲವು ವಾರಗಳ ಮೇಲೆ ಮತ್ತೆ ಕೇಳುವಂತೆ ಪ್ರಶ್ನೆಗಳನ್ನು ಹಂಚಿದರೆ ಕಾಲವು ಮಿತ್ರನಾಗುತ್ತದೆ; ಎಲ್ಲವನ್ನೂ ಹದಿನೈದು ದಿನಗಳ ಪೂರ್ವಸಿದ್ಧತೆಯಲ್ಲಿ ತುಂಬಿದರೆ ಶತ್ರುವಾಗುತ್ತದೆ.

ಕನ್ನಡನಾಡಿನ ಉಪಾಧ್ಯಾಯರಿಗೆ ಇದು ದೂರದ ಸುದ್ದಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಏಳು ಐ.ಐ.ಟಿ.ಗಳೂ ಕೂಡಿ ೨೦೦೩ರಲ್ಲಿ ಎನ್.ಪಿ.ಟಿ.ಇ.ಎಲ್. ಪಾಠಮಾಲೆಯನ್ನು ಆರಂಭಿಸಿದುವು; ೨೦೧೭ರಲ್ಲಿ ಸ್ವಯಂ ಎಂಬ ರಾಷ್ಟ್ರೀಯಯೋಜನೆ ಬಂದಿತು; ಒಂದು ಅವಧಿಯ ಪಾಠಗಳಲ್ಲಿ ಶೇಕಡ ೪೦ರವರೆಗೆ ಅದರ ಮೂಲಕ ಓದಬಹುದೆಂದು ೨೦೨೧ರ ಯು.ಜಿ.ಸಿ. ನಿಯಮವು ಅನುಮತಿಯಿತ್ತಿತು. ಆದುದರಿಂದ ಅಧಿಕಾರಿನಿರ್ಣಯದ ಪ್ರಶ್ನೆ ಇಲ್ಲಿಯೂ ಏಳಲೇಬೇಕು. ಇಲ್ಲಿ ಅದಕ್ಕೆ ಇನ್ನೊಂದು ಮುಖವುಂಟು. ಹತ್ತನೆಯ ತರಗತಿಯವರೆಗೆ ವರ್ಗಸಮೀಕರಣ, ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಕನ್ನಡದಲ್ಲಿ ಕಲಿತ ಹಳ್ಳಿಯ ವಿದ್ಯಾರ್ಥಿಯು ಮುಂದೆ ಅದೇ ವಸ್ತುಗಳನ್ನು ಇಂಗ್ಲಿಷಿನ ಹೆಸರುಗಳಿಂದ ಗುರುತಿಸಬೇಕಾಗುತ್ತದೆ. ಅವನ ಕೊರತೆಯು ಎಷ್ಟೋ ಸಲ ಗಣಿತದ ಕೊರತೆಯಲ್ಲ, ಪರಿಭಾಷೆಯ ಕೊರತೆ. ನಿದಾನಪರೀಕ್ಷೆಯೂ ಇಂಗ್ಲಿಷಿನಲ್ಲಿಯೇ ನಡೆದರೆ ಈ ಎರಡು ರೋಗಗಳನ್ನು ಬೇರ್ಪಡಿಸುವುದು ಸಾಧ್ಯವಾಗುವುದಿಲ್ಲ. ಮಹಾವೀರಾಚಾರ್ಯನು ತನ್ನ ಗ್ರಂಥದ ಮೊದಲ ಅಧಿಕಾರವನ್ನು ಸಂಜ್ಞೆಗಳಿಗೆ ಮೀಸಲಿಟ್ಟನು. ೧೨ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಹೊಸ ವಿದ್ಯಾರ್ಥಿಗಳಿಗಾಗಿ ಈ ನಾಡಿನಲ್ಲಿ ಅಂತರ್ಜಾಲಪಾಠವೊಂದು ರಚಿತವಾಗುವುದಾದರೆ ಅದರ ಮೊದಲ ಘಟಕವು ಎರಡು ಭಾಷೆಗಳ ಸಂಜ್ಞೆಗಳನ್ನು ಪಕ್ಕಪಕ್ಕದಲ್ಲಿಟ್ಟು ಪರಿಚಯಿಸತಕ್ಕದ್ದು. ಇದಕ್ಕೆ ಭಾಷೋಪಾಧ್ಯಾಯರ ನೆರವೂ ಬೇಕಾಗುತ್ತದೆ.

ಒಟ್ಟಿನ ಮೇಲೆ ಹೇಳತಕ್ಕುದಿಷ್ಟು. ಅಂತರ್ಜಾಲಪಾಠವು ವಿಷಯದಲ್ಲಿ ಸಮರ್ಥ. ಪ್ರಯೋಜನವು ವಿದ್ಯಾರ್ಥಿಯ ಏಳಿಗೆಯೊಂದೇ ಆಗಿ, ಉಳಿದುವು ಅದಕ್ಕೆ ಅಂಗವಾಗಿ ನಿಂತಾಗ ಅದು ಸಫಲ. ಪ್ರಧಾನಪಾಠದೊಡನೆ ಸಂಬಂಧವು ನಿಕಟವಾಗಿದ್ದಾಗ ಅದು ಬಲಿಷ್ಠ. ಅಧಿಕಾರಿಯಾರೆಂಬುದನ್ನು ಮೊದಲೇ ತಿಳಿಯದೆ ರಚಿತವಾದಾಗ ಮಾತ್ರ ಅದು ವ್ಯರ್ಥ. ವ್ಯರ್ಥವಾದುದಷ್ಟೇ ಅಲ್ಲ, ಒಮ್ಮೆ ಸೋತವನನ್ನು ಇನ್ನೊಮ್ಮೆ ಸೋಲಿಸಿ ಗಣಿತವು ತನಗೆ ಬಾರದೆಂಬ ನಂಬಿಕೆಯನ್ನು ಅವನಲ್ಲಿ ಬಲಪಡಿಸುವ ಅಪಾಯವೂ ಉಂಟು. ಪ್ರವೇಶದ ದಿನದ ನಿದಾನಪರೀಕ್ಷೆ, ಕೈಯಿಂದ ಮಾಡಿಸುವ ಪ್ರಶ್ನೆಗಳು, ಉಪಪತ್ತಿಯನ್ನು ಕೇಳಿ ತಿದ್ದುವ ಒಬ್ಬ ಉಪಾಧ್ಯಾಯ, ಜೊತೆಯಲ್ಲಿ ಕುಳಿತು ಲೆಕ್ಕಮಾಡುವ ನಾಲ್ವರು ಸಹಪಾಠಿಗಳು—ಇಷ್ಟನ್ನು ಒದಗಿಸಲಾರದ ವಿಶ್ವವಿದ್ಯಾನಿಲಯವು ಪಾಠಕ್ರಮವನ್ನು ಕೊಂಡುತಂದು ತನ್ನ ಹೊಣೆ ತೀರಿತೆಂದು ಭಾವಿಸಲಾಗದು. ಬಲಹೀನನಾದ ವಿದ್ಯಾರ್ಥಿಗೆ ಯಂತ್ರವನ್ನು ಕೊಡುವುದು ತಪ್ಪಲ್ಲ. ಯಂತ್ರವನ್ನು ಕೊಟ್ಟು ಗುರುವನ್ನು ಕಸಿದುಕೊಳ್ಳುವುದು ತಪ್ಪು.